ತಿಪ್ಪಕ್ಕ ಓದಿದ ಬಾಟಲಿ

ಕಂಪ್ಲಿಗೆ ಹೋಗಬೇಕಾದ ತಿಪ್ಪಕ್ಕ ಒಂದು ಸಲ ಸಂಡೂರಿನ ಬಸ್ಸು ಹತ್ತಿಬಿಟ್ಟಿದ್ದಳು. ಅವಳ ತವರು ಕಂಪ್ಲಿ ಹತ್ತಿರದ ಎಮ್ಮಿಗನೂರು. ತಮ್ಮನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಅದು. ಹೊಸಪೇಟೆ ಸ್ಟ್ಯಾಂಡಿನಲ್ಲಿ ಯಾರನ್ನೋ ಕೇಳಿದಳು, ಅವರು ಯಾವುದೋ ಬಸ್ಸಿನ ಕಡೆ ಕೈ ಮಾಡಿದರು, ಇವಳು ಹತ್ತಿ ಕೂತಳು. ಕಿಟಕಿಯಾಚೆ ಭತ್ತದ ಗದ್ದೆ ಬರಬೇಕಾದಲ್ಲಿ ಕೆಂಪು ಧೂಳು ಮೆತ್ತಿದ ಗುಡ್ಡವೂ ಅದಿರಿನ ಲಾರಿಗಳ ಸಾಲೂ ಬಂದಾಗ ಬಸ್ಸು ತಪ್ಪಿದ್ದು ತಿಳಿಯಿತು. ಟಿಕೆಟ್ ಕೊಡಲು ಬಂದ ಕಂಡಕ್ಟರ್ ಇಡೀ ಬಸ್ಸಿಗೆ ಕೇಳುವಂತೆ, "ಅಷ್ಟು ದೊಡ್ಡ ಬೋರ್ಡ್ ಐತಿ, ಕಣ್ಣಿಲ್ಲೇನ್ ನಿನಗ?" ಎಂದ.

"ಕಣ್ಣು ಅದಾವ. ಓದಾಕ ಬರಲ್ಲ. ಎರಡೂ ಒಂದ ಅಲ್ಲ, ತಿಳ್ಕೋ," ಎಂದು ಇವಳೂ ಅಷ್ಟೇ ಜೋರಾಗಿ ಹೇಳಿ ನಡುದಾರಿಯಲ್ಲಿ ಇಳಿದಳಂತೆ.

ಮುಂದಿನ ಸೋಮವಾರ ಸಂಜೆ ಅವಳು ನನ್ನ ಮುಂದೆ ಬಂದು ನಿಂತಳು. ನಾನು ರೇಣುಕಾದೇವಿ. ಮೂವತ್ತೊಂದು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದ ಮೇಲೆ ಹೊಸಪೇಟೆಯ ಚಿತ್ತವಾಡ್ಗಿಯ ಅಂಗನವಾಡಿ ಕೋಣೆಯಲ್ಲಿ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದೆ. ಬರುತ್ತಿದ್ದವರಲ್ಲಿ ಹೆಚ್ಚಿನವರಿಗೆ ರುಜು ಮಾಡಲು ಬಂದರೆ ಸಾಕಾಗಿತ್ತು, ಸಂಘದ ಪುಸ್ತಕಕ್ಕೆ, ಬ್ಯಾಂಕಿಗೆ. ತಿಪ್ಪಕ್ಕ ಮೊದಲ ದಿನವೇ ಹೇಳಿದಳು:

"ಟೀಚರಮ್ಮ, ನನಗ ಹೆಸರು ಬರಿಯೋದಷ್ಟ ಬ್ಯಾಡ. ಪೂರ್ತಿ ಕಲಿಸ್ರಿ."

ಆಗ ಅವಳಿಗೆ ಮೂವತ್ತಾರು. ಪೂರ್ತಿಯೇ ಕಲಿತಳು. ಒತ್ತಕ್ಷರ ಬಂದ ದಿನ ಊದಿನಕಡ್ಡಿಯ ಪ್ಯಾಕೆಟ್ ತಂದು ಎರಡೂ ಬದಿ ಓದಿ ತೋರಿಸಿದಳು. ಆಮೇಲೆ ಅವಳ ಕಣ್ಣಿಗೆ ಬಿದ್ದ ಯಾವ ಅಕ್ಷರವನ್ನೂ ಬಿಟ್ಟಿದ್ದಿಲ್ಲ. ಮದುವೆ ಕಾರ್ಡಿನಲ್ಲಿ ಕೊನೆಗೆ ಅಚ್ಚು ಹಾಕಿದವರ ಹೆಸರಿನವರೆಗೆ ಓದುವಳು. ಬಿಸ್ಕಿಟ್ ಕೊಳ್ಳುವ ಮುಂಚೆ ಪ್ಯಾಕೆಟ್ ತಿರುಗಿಸಿ ತಿರುಗಿಸಿ ನೋಡುವಳು. ಅಂಗಡಿಯ ನಾಗೇಂದ್ರಪ್ಪ, "ಬಿಸ್ಕಿಟ್ ತಗಂತೀಯೋ, ಪರೀಕ್ಷೆಗೆ ಕುಂದ್ರತೀಯೋ?" ಎಂದು ರೇಗಿಸುತ್ತಿದ್ದ. ಇಂಗ್ಲಿಷನ್ನೂ ಕಲಿಸಿರಿ ಎಂದು ಎರಡು ಸಲ ನನ್ನನ್ನು ಕೇಳಿದ್ದಳು. ನೋಡೋಣ, ಮುಂದೆ ನೋಡೋಣ ಎಂದು ತಳ್ಳಿಹಾಕಿದ್ದೆ. ಆ ಮಾತು ಈಗಲೂ ನನ್ನನ್ನು ಕೊರೆಯುತ್ತದೆ.

ಅವಳ ಗಂಡ ಹುಸೇನಪ್ಪ ಹಂಪಿ, ಕಮಲಾಪುರದ ಕಡೆ ಆಟೋ ಓಡಿಸುವವನು, ಮಾತು ಕಡಿಮೆಯ ಮನುಷ್ಯ. ಒಬ್ಬಳೇ ಮಗಳನ್ನು ಮೆಟ್ರಿ ಎಂಬ ಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರು. ತಿಪ್ಪಕ್ಕ ಬಸ್‌ ಸ್ಟ್ಯಾಂಡ್ ಹತ್ತಿರದ ಒಂದು ಲಾಡ್ಜಿನಲ್ಲಿ ರೂಮು ತೊಳೆಯುವ ಕೆಲಸಕ್ಕಿದ್ದಳು. ಬೆಳಗ್ಗೆ ಎಂಟಕ್ಕೆ ಹೋದರೆ ನಾಲ್ಕಕ್ಕೆ ಬಿಡುಗಡೆ. ಕೆಲಸದಲ್ಲಿ ಅವಳಿಗೆ ಹೆಮ್ಮೆಯಿತ್ತು. ತಾನು ತೊಳೆದ ಬಾತ್‌ರೂಮಿನ ಟೈಲ್ಸಿನಲ್ಲಿ ಮುಖ ನೋಡಿಕೊಳ್ಳಬಹುದು ಎನ್ನುತ್ತಿದ್ದಳು. ಅದು ಬರೀ ಜಂಬವಲ್ಲ, ನಾನೇ ಹೋಗಿ ನೋಡಿದ್ದೇನೆ.

ಹಂಪಿ ಉತ್ಸವದ ವಾರ ಅದು. ಲಾಡ್ಜಿನ ರೂಮುಗಳೆಲ್ಲ ಭರ್ತಿ. ಒಂದು ಕಡೆ ಖಾಲಿಯಾಗುತ್ತಿದ್ದಂತೆ ಇನ್ನೊಂದು ಕಡೆ ಹೊಸಬರು ಬ್ಯಾಗು ಹಿಡಿದು ನಿಂತಿರುತ್ತಿದ್ದರು. ಅದೇ ತಿಂಗಳು ಲಾಡ್ಜಿಗೆ ಹೊಸ ಬಾತ್‌ರೂಂ ಕ್ಲೀನರ್ ಬಂದಿತ್ತು. ಹೆಸರು 'ಫಳಕ್'. ಹಳೆಯದು ಸೋಪಿನ ನೀರಿನಂಥದ್ದು, ನೀಲಿ ಬಣ್ಣ. ಇದೂ ನೀಲಿಯೇ, ಆದರೆ ಒಳಗಿದ್ದದ್ದು ಆಸಿಡ್. ಬೋರ್‌ವೆಲ್ ನೀರಿನ ಬಿಳಿ ಉಪ್ಪಿನ ಕಲೆಯನ್ನು ಒಂದೇ ಏಟಿಗೆ ತೆಗೆಯುತ್ತದೆ ಎಂದು ಡೀಲರ್ ತಂದುಕೊಟ್ಟಿದ್ದ. ತಿಪ್ಪಕ್ಕ ಅದನ್ನು ಕೈಗೆತ್ತಿಕೊಂಡ ಮೊದಲ ದಿನವೇ ಓದಿದ್ದಳು. ಬಾಟಲಿಯ ಮುಂದೆ ಕನ್ನಡದಲ್ಲಿ ಹೆಸರು, ಮಲ್ಲಿಗೆ ಹೂವಿನ ಚಿತ್ರ, 'ಮಲ್ಲಿಗೆಯ ಪರಿಮಳ, ಕ್ಷಣದಲ್ಲಿ ಕಲೆ ಮಾಯ'. ಹಿಂದೆ ಕನ್ನಡದಲ್ಲಿ, 'ಸುರಿಯಿರಿ. ಹತ್ತು ನಿಮಿಷ ಬಿಡಿ. ತೊಳೆಯಿರಿ.' ಅದರ ಕೆಳಗೆ ಎಳ್ಳಿನ ಕಾಳಿಗಿಂತ ಸಣ್ಣದಾಗಿ ಇಂಗ್ಲಿಷಿನಲ್ಲಿ ಏನೋ ಇತ್ತು. ಎಲ್ಲ ಡಬ್ಬಿಗಳ ಮೇಲೂ ಹಾಗೆ ಇರುತ್ತದೆ, ಫ್ಯಾಕ್ಟರಿ ವಿಳಾಸವಿರಬೇಕು ಎಂದುಕೊಂಡಳು.

ಆ ಬೆಳಿಗ್ಗೆ ಎರಡನೇ ಮಹಡಿಯ ಬಾತ್‌ರೂಮಿನ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿದಿತ್ತು. ಬೂಷ್ಟಿಗೆ ಬ್ಲೀಚಿಂಗ್ ಪೌಡರ್ ಉದುರಿಸಿ ನೆನೆಯಲು ಬಿಡುವುದು ಅವಳ ರೂಢಿ. ಬಿಟ್ಟಳು. ನಲ್ಲಿಯ ಕೆಳಗೆ ಬಿಳಿ ಕಲೆ ಕಂಡಿತು, ಅದರ ಮೇಲೆ ಫಳಕ್ ಸುರಿದಳು. ಹಳೆಯ ನೀಲಿ ನೀರಿನ ಕಾಲದಲ್ಲಿ ಹೀಗೆ ಸಾವಿರ ಸಲ ಮಾಡಿದ್ದಳು, ಏನೂ ಆಗಿರಲಿಲ್ಲ. ಈ ಸಲ ನೆಲ ಬುಸುಗುಟ್ಟಿತು. ಹಳದಿ ಹಸಿರು ಹೊಗೆಯಂಥದ್ದು ಮೊಣಕಾಲಿನವರೆಗೆ ಎದ್ದಿತು. ಬಗ್ಗಿ ಉಜ್ಜುತ್ತಿದ್ದವಳ ಮುಖಕ್ಕೇ ಬಡಿಯಿತು.

"ಮೂಗಿನ್ಯಾಗ ಬೆಂಕಿ ಹೋದಂಗಾತ್ರಿ," ಎಂದು ಆಮೇಲೆ ನನಗೆ ಹೇಳಿದಳು. "ಒದರಬೇಕು ಅಂತ ಬಾಯಿ ತೆಗದೆ, ಉಸಿರ ಬರಲಿಲ್ಲ."

ಕಿಟಕಿ ಇರಲಿಲ್ಲ. ಗಾಳಿ ಹೊರಗೆಳೆಯುವ ಫ್ಯಾನು ಕೆಟ್ಟು ಎಷ್ಟೋ ದಿನವಾಗಿತ್ತು. ಬಾಗಿಲಿನವರೆಗೆ ತೆವಳಿದ್ದಳು. ಕಾರಿಡಾರಿನಲ್ಲಿ ಬೆಡ್‌ಶೀಟ್ ಒಟ್ಟುತ್ತಿದ್ದ ಹಂಪಕ್ಕ ಕೆಮ್ಮು ಕೇಳಿ ಓಡಿಬಂದಳು. ಹಂಪಕ್ಕನಿಗೆ ಅರವತ್ತರ ಹತ್ತಿರ, ಮೈಯಲ್ಲಿ ಶಕ್ತಿ ಅಷ್ಟಕ್ಕಷ್ಟೆ. ಸೆರಗು ಮೂಗಿಗೆ ಒತ್ತಿಕೊಂಡು, ತಿಪ್ಪಕ್ಕನ ಎರಡೂ ಕೈ ಹಿಡಿದು ಮೆಟ್ಟಿಲಿನವರೆಗೆ ದರದರ ಎಳೆದು ತಂದಳು. ಅಷ್ಟು ಮಾಡಿರದಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ದಿನ, ಅಲ್ಲಿಂದ ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಹತ್ತು ದಿನ. ನಾನು ನೋಡಲು ಹೋದಾಗ ಮುಖದ ಮೇಲೆ ಆಮ್ಲಜನಕದ ಮಾಸ್ಕ್ ಇತ್ತು, ಎದೆ ಕಮ್ಮಾರನ ತಿದಿಯಂತೆ ಏರಿಳಿಯುತ್ತಿತ್ತು. ಒಬ್ಬ ಕಿರಿಯ ಡಾಕ್ಟರು ಯಾವ ಯಾವ ಕೆಮಿಕಲ್ ಬೆರೆಸಿದಿರಿ ಎಂದು ಕೇಳಿದ್ದರಂತೆ. ಹಂಪಕ್ಕ ಅದೇ ಬಾಟಲಿಯನ್ನು ಚೀಲದಲ್ಲಿ ಹಾಕಿ ಹುಸೇನಪ್ಪನ ಕೈಗೆ ಕೊಟ್ಟು ಕಳಿಸಿದ್ದಳು. ಡಾಕ್ಟರು ಬಾಟಲಿಯ ಹಿಂಬದಿಯ ಫೋಟೊ ತೆಗೆದು, ಮೊಬೈಲಿನಲ್ಲಿ ದೊಡ್ಡದು ಮಾಡಿ ಓದಿದರು.

"ಇಲ್ಲೇ ಬರೆದಿದಾರಲ್ಲಮ್ಮ. ಬ್ಲೀಚ್ ಜೊತೆ ಬೆರೆಸಬಾರದು, ವಿಷಾನಿಲ ಬರುತ್ತೆ ಅಂತ. ನೋಡಿ ಹಾಕೋದಲ್ವಾ?"

ತಿಪ್ಪಕ್ಕ ಮಾಸ್ಕನ್ನು ಕೈಯಿಂದ ಸರಿಸಿದಳು. "ಎಲ್ಲಿ ಬರದಾರ್ರಿ? ನಾ ಪೂರ್ತಿ ಓದೀನಿ."

"ಇಲ್ಲಿ, ಇಂಗ್ಲಿಷಲ್ಲಿ."

ಅವಳು ಬಾಟಲಿಯನ್ನು ಇಸಿದುಕೊಂಡು ಬಹಳ ಹೊತ್ತು ನೋಡುತ್ತ ಮಲಗಿದ್ದಳು. ಡಾಕ್ಟರು ಹೋದ ಮೇಲೆ ನನ್ನ ಕಡೆ ತಿರುಗಿ, ಒಂದೊಂದು ಮಾತಿಗೂ ಉಸಿರು ಹುಡುಕುತ್ತ ಹೇಳಿದಳು: "ಟೀಚರಮ್ಮ, ಮಲ್ಲಿಗಿ ವಾಸನಿ ಕನ್ನಡದಾಗ ಐತಿ. ಸುರೀರಿ ಅನ್ನೋದು ಕನ್ನಡದಾಗ ಐತಿ. ಸಾಯೋ ಮಾತು ಒಂದ ಇಂಗ್ಲಿಷ್‌ನ್ಯಾಗ ಯಾಕ ಇಟ್ರು?"

ಆ ಬಾಟಲಿಯನ್ನು ಅವಳು ದಿಂಬಿನ ಕೆಳಗೆ ಇಟ್ಟುಕೊಂಡಳು. ಆಯಾ ಕಸಕ್ಕೆ ಹಾಕಲು ಬಂದಾಗ ಬಿಡಲಿಲ್ಲ.

ಮನೆಗೆ ಬಂದಳು, ಆದರೆ ಮೊದಲಿನ ತಿಪ್ಪಕ್ಕ ಆಗಿರಲಿಲ್ಲ. ಶ್ವಾಸಕೋಶದ ಒಳಪದರ ಸುಟ್ಟಿದೆ, ಇನ್ನು ದಮ್ಮು ಇದ್ದೇ ಇರುತ್ತದೆ ಎಂದಿದ್ದರು. ನಲ್ಲಿಯಿಂದ ಒಂದು ಕೊಡ ನೀರು ತಂದರೆ ಎರಡು ಕಡೆ ಕೂತೇಳಬೇಕಿತ್ತು. ಒಗ್ಗರಣೆಯ ಘಾಟಿಗೆ ಅಡಿಗೆಮನೆ ಬಿಟ್ಟು ಓಡುವಳು. ಹುಸೇನಪ್ಪನೇ ರೊಟ್ಟಿ ತಟ್ಟಲು ಕಲಿತ.

ಒಂದು ಭಾನುವಾರ ಲಾಡ್ಜಿನ ಮ್ಯಾನೇಜರ್ ತಿರುಮಲ ಬಂದ. ಜೊತೆಗೆ ಇಸ್ತ್ರಿ ಅಂಗಿಯ ಒಬ್ಬ ಮನುಷ್ಯ, ಫಳಕ್ ಕಂಪನಿಯವನು. ಸೇಬಿನ ಚೀಲ ತಂದಿದ್ದರು. ಹುಸೇನಪ್ಪ ನನ್ನನ್ನೂ ಕರೆಸಿದ್ದ.

"ತಿಪ್ಪಕ್ಕ, ಕಂಪನಿಯೋರು ಭಾಳ ಒಳ್ಳೇವ್ರು," ತಿರುಮಲ ಶುರು ಮಾಡಿದ. "ಆಸ್ಪತ್ರೆ ಖರ್ಚೆಲ್ಲಾ ಕೊಡ್ತಾರ. ಒಂದು ಪೇಪರಿಗೆ ಸೈನ್ ಹಾಕಿದ್ರ ಸಾಕು."

ಕಂಪನಿಯವನು ಕಾಗದ ಮುಂದಿಟ್ಟು, ಹೆಬ್ಬೆಟ್ಟಿಗೆ ಬೇಕಾಗುತ್ತದೆಂದು ಶಾಯಿಯ ಪ್ಯಾಡನ್ನೂ ತೆಗೆದ. ತಿಪ್ಪಕ್ಕ ಪ್ಯಾಡನ್ನು ಪಕ್ಕಕ್ಕೆ ಸರಿಸಿ ಕಾಗದ ಕೈಗೆ ತೆಗೆದುಕೊಂಡಳು. ಜೋರಾಗಿ ಓದಿದಳು, ನಡುನಡುವೆ ನಿಂತು ಉಸಿರು ತೆಗೆದುಕೊಳ್ಳುತ್ತ:

"'ನಾನು ನನ್ನ ಸ್ವಂತ ಅಜಾಗರೂಕತೆಯಿಂದ ಉತ್ಪನ್ನವನ್ನು ತಪ್ಪಾಗಿ ಬಳಸಿದ್ದು, ಇದರಲ್ಲಿ ಕಂಪನಿಯ ಯಾವುದೇ ತಪ್ಪು ಇರುವುದಿಲ್ಲ.'"

ಕಾಗದವನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿದಳು. "ಎಷ್ಟು ಛಲೋ ಕನ್ನಡ ಐತ್ರಿ ಇದು. ಅಕ್ಷರನೂ ಮಸ್ತ್ ದೊಡ್ಡವು. ತಪ್ಪು ನಂದು ಅಂತ ಬರಿಯಾಕ ನಿಮಗ ಕನ್ನಡ ಬರ್ತೈತಿ. ಸಾಯ್ತೀಯವ್ವಾ ಅಂತ ಬರಿಯಾಕ ಬರಲಿಲ್ಲೇನ್ರಿ?"

ಆ ಮನುಷ್ಯ ನಗಲು ನೋಡಿದ. "ಅಮ್ಮ, ಅದು ಲೇಬಲ್. ಜಾಗ ಇರಲ್ಲ."

"ಮಲ್ಲಿಗಿ ಹೂವಿಗೆ ಅಷ್ಟು ಜಾಗ ಐತಲ್ಲ!"

ತಿರುಮಲ ಹುಸೇನಪ್ಪನ ಕಡೆ ನೋಡಿ, "ಹೇಳಪ್ಪ ನಿನ್ನ ಹೆಂಡ್ತಿಗೆ" ಎಂದ. ಹುಸೇನಪ್ಪ ನೆಲ ನೋಡುತ್ತ, "ತಗಂಬಿಡು, ದೊಡ್ಡೋರ ಜೊತಿ ನಮಗ್ಯಾಕ" ಎಂದು ಮೆಲ್ಲಗೆ ಅಂದ. ತಿಪ್ಪಕ್ಕ ಗಂಡನ ಮೇಲೆ ಸಿಟ್ಟಾಗಲಿಲ್ಲ. ಕಾಗದ ಮಡಚಿ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸೈನ್ ಹಾಕಲ್ಲ. ಇದು ನನ್ನ ಹತ್ರ ಇರಲಿ. ಸೇಬು ತಗಂಡು ಹೋಗ್ರಿ, ನನಗ ನುಂಗಾಕ ಆಗಲ್ಲ."

ಮರುದಿನವೇ ಲಾಡ್ಜಿನಿಂದ ಫೋನು ಬಂತು. ಇನ್ನು ಕೆಲಸಕ್ಕೆ ಬರುವುದು ಬೇಡ ಎಂದರು. ಹೇಗೂ ಹೋಗುವ ಶಕ್ತಿ ಇರಲಿಲ್ಲ, ಆದರೂ ಆ ದಿನ ಅವಳು ಅತ್ತಳು. ನಾನು ಕಂಡ ಹಾಗೆ ಅವಳು ಅತ್ತದ್ದು ಅದೊಂದೇ ಸಲ.

ಮೆಟ್ರಿಯಲ್ಲಿ ಅವಳ ಮಗಳ ಪಕ್ಕದ ಮನೆಯ ಹುಡುಗಿ ಸುಧಾರಾಣಿ, ಹೊಸಪೇಟೆ ಕೋರ್ಟಿನಲ್ಲಿ ವಕೀಲೆ. ಕೂಲಿ ಮಾಡಿ ಓದಿಸಿದ ಅಪ್ಪ ಅಮ್ಮನ ಮಗಳು. ಅವರ ಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಪಕ್ಕದಲ್ಲೇ ಅವಳ ಎಲ್‌ಎಲ್‌ಬಿ ಪದವಿಯ ಫೋಟೊ. ಒಂದು ಶನಿವಾರ ತಿಪ್ಪಕ್ಕನ ಮನೆಗೆ ಬಂದು ಬಾಟಲಿಯನ್ನೂ ಆ ಕಾಗದವನ್ನೂ ನೋಡಿ, ಕುರ್ಚಿ ಎಳೆದುಕೊಂಡು ಕೂತಳು.

"ತಿಪ್ಪಕ್ಕ, ತಪ್ಪು ನಿಂದಲ್ಲ ಅಂತ ಬರೀ ನಾವು ಹೇಳಿದ್ರ ಆಗಲ್ಲ. ಕಾಯ್ದೆನೂ ಹೇಳ್ತೈತಿ. ತಯಾರು ಮಾಡಿದೋರು ತಮ್ಮ ಸಾಮಾನಿನ್ಯಾಗ ಏನು ಅಪಾಯ ಐತಿ, ಹೆಂಗ ಬಳಸಬಾರದು ಅನ್ನೋದನ್ನ ಬಳಸೋರಿಗೆ ಸರಿಯಾಗಿ ತಿಳಿಸಬೇಕು. ಸಾಮಾನು ಕೆಟ್ಟಿದ್ರ ಮಾತ್ರ ಅವರ ಹೊಣಿ ಅಂತಲ್ಲ. ಸಾಮಾನು ಸರಿ ಇದ್ದು ಎಚ್ಚರಿಕಿ ಸಾಲದಿದ್ರೂ ಅವರದ ಹೊಣಿ. ಗ್ರಾಹಕರ ಆಯೋಗಕ್ಕ ಹೋಗಬಹುದು."

"ಬಾಟ್ಲಿ ಕೊಂಡಿದ್ದು ನಾನಲ್ಲವ್ವ, ಲಾಡ್ಜಿನೋರು."

"ಅದನ್ನ ಅವರೂ ಹೇಳ್ತಾರ. ಅಲ್ಲೇ ಜಗಳ ಐತಿ," ಎಂದು ಸುಧಾರಾಣಿ ಮುಚ್ಚುಮರೆಯಿಲ್ಲದೆ ಹೇಳಿದಳು. "ಗೆಲ್ತೀವಿ ಅಂತ ಮಾತು ಕೊಡಲ್ಲ. ಒಂದೆರಡು ವರ್ಷ ಹಿಡಿಬಹುದು."

"ಹಿಡೀಲಿ. ನಾ ಎಲ್ಲಿ ಓಡಬೇಕಾಗೇತಿ?"

ಕಂಪನಿಗೆ ನೋಟಿಸು ಹೋಯಿತು, ದೂರು ದಾಖಲಾಯಿತು. ಕಂಪನಿಯ ಉತ್ತರ ಬಂದ ದಿನ ಸುಧಾರಾಣಿ ಅದನ್ನು ಕನ್ನಡಕ್ಕೆ ಮಾಡಿ ಓದಿ ಹೇಳಿದಳು. ಎಚ್ಚರಿಕೆ ಬಾಟಲಿಯ ಮೇಲೆ ಇದ್ದೇ ಇದೆ ಎಂಬುದು ಒಂದು ಮಾತು. ಬಾಟಲಿ ಕೊಂಡದ್ದು ಲಾಡ್ಜು, ಲಾಡ್ಜಿಗೆ ಡೀಲರ್ ಮೂಲಕ ಎಚ್ಚರಿಕೆಯ ಕೈಪಿಡಿಯನ್ನೂ ಕೊಟ್ಟಿದ್ದೆವು, ಕೆಲಸದವರಿಗೆ ಹೇಳುವುದು ಮಾಲೀಕರ ಕೆಲಸ ಎಂಬುದು ಇನ್ನೊಂದು. ಇದೇ ಕಷ್ಟದ್ದು ಎಂದಳು ಸುಧಾರಾಣಿ. ಕೆಲಸದ ಜಾಗಕ್ಕೆಂದು ಮಾಲೀಕ ಕೊಂಡ ಸಾಮಾನಿನ ಬಗ್ಗೆ ಮಾಲೀಕನಿಗೇ ಎಚ್ಚರಿಕೆ ಕೊಟ್ಟಿದ್ದರೆ ತಯಾರಕ ಪಾರಾಗಬಹುದು, ಕಾಯ್ದೆಯಲ್ಲೇ ಆ ದಾರಿ ಇದೆಯಂತೆ. ಕೊನೆಯಲ್ಲಿ ಇನ್ನೂ ಒಂದು ಸಾಲಿತ್ತು. 'ದೂರುದಾರರು ಅನಕ್ಷರಸ್ಥ ಕೂಲಿ ಮಹಿಳೆಯಾಗಿದ್ದು, ಎಚ್ಚರಿಕೆ ಯಾವ ಭಾಷೆಯಲ್ಲಿದ್ದರೂ ಓದುತ್ತಿರಲಿಲ್ಲ.'

ತಿಪ್ಪಕ್ಕ ಆ ಸಾಲನ್ನು ಮತ್ತೊಮ್ಮೆ ಓದಿಸಿದಳು. ದಮ್ಮು, ಕೆಲಸ, ಆಸ್ಪತ್ರೆ ಯಾವುದಕ್ಕೂ ಅಷ್ಟು ಉರಿದಿರಲಿಲ್ಲ ಅವಳು.

"ಓದುತ್ತಿರಲಿಲ್ಲಂತೆ! ನನ್ನ ಕಂಡಾರೇನು ಇವರು? ಸುಧಾ, ನನ್ನ ಒಂದ ಸಲ ಅಲ್ಲಿ ಬಾಯಿ ಬಿಡಾಕ ಬಿಡು."

ಆದರೆ ಮೊದಲು ಕೈಪಿಡಿಯ ಮಾತು ಬಗೆಹರಿಯಬೇಕಿತ್ತು. ಅದು ಲಾಡ್ಜಿಗೆ ಬಂದಿತ್ತೋ ಇಲ್ಲವೋ ಹೇಳಬಲ್ಲವನು ತಿರುಮಲ ಒಬ್ಬನೇ. ಅವನು ಸುಧಾರಾಣಿಯ ಫೋನು ಎತ್ತಲಿಲ್ಲ. ತಿಪ್ಪಕ್ಕ ಹುಸೇನಪ್ಪನ ಆಟೋದಲ್ಲಿ ಲಾಡ್ಜಿಗೆ ಹೊರಟಳು, ನನ್ನನ್ನೂ ಹತ್ತಿಸಿಕೊಂಡಳು. ರಿಸೆಪ್ಷನ್ ಮುಂದೆ ಬೆಂಚಿನ ಮೇಲೆ ಕೂತು ಉಸಿರು ಸಮ ಮಾಡಿಕೊಳ್ಳುವವರೆಗೆ ಯಾರೊಂದಿಗೂ ಮಾತಾಡಲಿಲ್ಲ. ಬಂದ ಗಿರಾಕಿಗಳು ಅವಳ ಎದೆಯ ಸಿಳ್ಳು ಕೇಳಿ ತಿರುಗಿ ನೋಡುತ್ತಿದ್ದರು. ತಿರುಮಲನಿಗೆ ಇರುಸುಮುರುಸಾಯಿತು.

"ಒಳಗ ಬಾ ತಿಪ್ಪಕ್ಕ, ಇಲ್ಲಿ ಬ್ಯಾಡ."

"ಇಲ್ಲೇ ಛಲೋ ಐತ್ರಿ. ನನ್ನ ಪರವಾಗಿ ಏನೂ ಹೇಳಬ್ಯಾಡ್ರಿ ನೀವು. ಕಂಪನಿಯೋರು ನಿಮಗ ಪುಸ್ತಕ ಕೊಟ್ಟೀವಿ ಅಂದಾರ. ಕೊಟ್ಟಿದ್ರ ಕೊಟ್ಟಾರ ಅನ್ರಿ. ಇಲ್ಲಂದ್ರ ಇಲ್ಲ ಅನ್ರಿ. ಅಷ್ಟ."

"ನನಗ್ಯಾಕ ಬೇಕು ಇದೆಲ್ಲಾ?"

ಆಗ ನಾನು ಕಂಪನಿಯ ಉತ್ತರದ ಪ್ರತಿಯನ್ನು ಅವನ ಮುಂದಿಟ್ಟೆ. 'ಕೆಲಸದವರಿಗೆ ತಿಳಿಸದಿರುವುದು ಲಾಡ್ಜಿನ ಆಡಳಿತದ ಸಂಪೂರ್ಣ ನಿರ್ಲಕ್ಷ್ಯ' ಎಂಬ ಸಾಲಿನ ಕೆಳಗೆ ಸುಧಾರಾಣಿ ಗೆರೆ ಎಳೆದಿದ್ದಳು. ತಿರುಮಲ ಎರಡು ಸಲ ಓದಿದ. ಸೇಬಿನ ಚೀಲ ಹಿಡಿದು ತನ್ನ ಜೊತೆಗೇ ಬಂದಿದ್ದ ಮನುಷ್ಯನ ಕಂಪನಿ ಈಗ ತನ್ನ ತಲೆಗೇ ಕಟ್ಟಿದೆ ಎಂದು ತಿಳಿಯಲು ಅವನಿಗೆ ಬಹಳ ಹೊತ್ತು ಬೇಕಾಗಲಿಲ್ಲ.

"ಕೈಪಿಡಿ? ಎಂಥ ಕೈಪಿಡಿ? ಹೊಸ ವರ್ಷಕ್ಕ ಒಂದು ಕ್ಯಾಲೆಂಡರ್ ಕೊಟ್ಟಿದ್ದ ಆ ಡೀಲರ್, ಬ್ಯಾರೆ ಏನಿಲ್ಲ," ಎಂದು ಗೋಡೆ ತೋರಿಸಿದ. ಅಲ್ಲಿ ತೂಗುತ್ತಿತ್ತು. ವಿರೂಪಾಕ್ಷ ಗೋಪುರದ ಚಿತ್ರ, ಕೆಳಗೆ ದಪ್ಪ ಕನ್ನಡ ಅಕ್ಷರದಲ್ಲಿ: 'ಫಳಕ್. ಸುರಿಯಿರಿ, ತೊಳೆಯಿರಿ, ಚಿಂತೆ ಮರೆಯಿರಿ.'

"ಅದನ್ನ ಬರದುಕೊಡ್ರಿ," ಎಂದಳು ತಿಪ್ಪಕ್ಕ.

ತಿರುಮಲ ಆಗ ಬರೆದುಕೊಡಲಿಲ್ಲ. ಮಾಲೀಕರನ್ನು ಕೇಳಬೇಕು ಎಂದ. ಮೂರು ವಾರ ಬಿಟ್ಟು ಪ್ರಮಾಣಪತ್ರಕ್ಕೆ ಸಹಿ ಹಾಕಿದ, ಕ್ಯಾಲೆಂಡರನ್ನೂ ಕೊಟ್ಟ. ತನ್ನನ್ನು ಉಳಿಸಿಕೊಳ್ಳಲು ಮಾಡಿದನೋ, ಬೆಂಚಿನ ಮೇಲಿನ ಆ ಸಿಳ್ಳು ಕೇಳಿ ಮಾಡಿದನೋ ನನಗೆ ಗೊತ್ತಿಲ್ಲ. ತಿಪ್ಪಕ್ಕನಂತೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಬಳ್ಳಾರಿಯ ಆಯೋಗಕ್ಕೆ ನಾವು ಎಷ್ಟು ಸಲ ಹೋದೆವೋ ಲೆಕ್ಕವಿಲ್ಲ. ಒಂದು ಸಲ ಕಂಪನಿಯ ವಕೀಲರು ಸಮಯ ಕೇಳಿದರು, ಇನ್ನೊಂದು ಸಲ ಸದಸ್ಯರೊಬ್ಬರು ರಜೆ. ಬಸ್ಸಿನ ಧೂಳಿಗೆ ತಿಪ್ಪಕ್ಕ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ದಮ್ಮಿಗೆ ಎಳೆದುಕೊಳ್ಳುವ ಔಷಧಿಯ ಪಂಪು ಸೆರಗಿಗೆ ಗಂಟು ಹಾಕಿಕೊಂಡು ಬರುತ್ತಿದ್ದಳು. ಮೂರನೇ ಸಲದಿಂದ ಹುಸೇನಪ್ಪ ಆಟೋ ನಿಲ್ಲಿಸಿ ತಾನೂ ಜೊತೆಗೆ ಬರತೊಡಗಿದ. ತಗಂಬಿಡು ಎಂದಿದ್ದವನೇ ಈಗ ವಾಯಿದೆಯ ತಾರೀಕು ನೆನಪಿಟ್ಟುಕೊಂಡು ಹಿಂದಿನ ದಿನವೇ ರೊಟ್ಟಿ ಕಟ್ಟಿಡುತ್ತಿದ್ದ.

ಕೊನೆಯ ವಾದದ ದಿನ ಕಂಪನಿಯ ವಕೀಲರು, ಬೇಸರ ಮಾಡಿಕೊಳ್ಳಬಾರದು ಎನ್ನುವ ದನಿಯಲ್ಲಿ, "ದೂರುದಾರರಿಗೆ ಓದು ಬರಹ ಇಲ್ಲ. ಇದು ದುರದೃಷ್ಟ. ಆದರೆ ಓದಲು ಬಾರದವರಿಗೆ ನಾವು ಯಾವ ಭಾಷೆಯಲ್ಲಿ ಬರೆದರೇನು?" ಎಂದರು.

ಹಿಂದಿನ ಬೆಂಚಿನಲ್ಲಿದ್ದ ತಿಪ್ಪಕ್ಕ ಎದ್ದು ನಿಂತಳು. "ಬರ್ತೈತ್ರಿ!"

ಸಿಬ್ಬಂದಿಯವರು ಕೂರಲು ಸನ್ನೆ ಮಾಡಿದರು. ಅವಳು ಕೂರಲಿಲ್ಲ. ಅಧ್ಯಕ್ಷರು ಕನ್ನಡಕ ತೆಗೆದು ನೋಡಿದರು. "ಇವರೇ ದೂರುದಾರರಾ?"

"ಹೌದು ಸ್ವಾಮಿ," ಎಂದಳು ಸುಧಾರಾಣಿ. "ಅವರ ಮಾತು ಕೇಳಬೇಕಂತ ನಾವೂ ಅರ್ಜಿ ಕೊಟ್ಟಿದೀವಿ."

"ಮುಂದೆ ಬನ್ನಿ. ಏನು ಬರುತ್ತೆ?"

"ಓದಾಕ ಬರ್ತೈತ್ರಿ. ಆ ಬಾಟ್ಲಿ ಕೊಡ್ರಿ ಇಲ್ಲಿ."

ಸಾಕ್ಷ್ಯದ ಚೀಟಿ ಅಂಟಿಸಿದ ಬಾಟಲಿಯನ್ನು ಅವಳ ಕೈಗೆ ಕೊಟ್ಟರು. ಓದಲು ಶುರು ಮಾಡಿದಳು. ಹೆಸರು ಓದಿದಳು. ಮಲ್ಲಿಗೆಯ ಪರಿಮಳ ಓದಿದಳು. ಕ್ಷಣದಲ್ಲಿ ಕಲೆ ಮಾಯ. ತಿರುಗಿಸಿ, ಸುರಿಯಿರಿ, ಹತ್ತು ನಿಮಿಷ ಬಿಡಿ, ತೊಳೆಯಿರಿ. ತಡವರಿಸಲಿಲ್ಲ, ಆದರೆ ದಮ್ಮು ಅಡ್ಡ ಬಂದು ಎರಡು ಕಡೆ ನಿಂತಳು. ಸುರಿಯಿರಿ ಎಂಬಲ್ಲಿ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಉಳಿದದ್ದನ್ನು ಓದಿದಳು.

"ಇಲ್ಲಿಗೆ ಕನ್ನಡ ಮುಗೀತ್ರಿ," ಎಂದಳು. "ಇಲ್ಲಿತನ ಓದೀನಿ, ಇದರಾಗ ಹೆಂಗ ಹೇಳ್ಯಾರೋ ಹಂಗ ಮಾಡೀನಿ. ನಾ ಮೂವತ್ತಾರು ವರ್ಷಕ್ಕ ಅಕ್ಷರ ಕಲ್ತಾಕಿ. ಓದಾಕ ಬರದಾಕಿ ಅಂತ ಇವರು ಬರದಾರ. ಕೇಳದ ಹೆಂಗ ಬರದ್ರಿ? ಕೆಳಗ ಒಂದು ಸಾಲು ಕನ್ನಡದಾಗ ಹಾಕಿದ್ರ ನಾ ಇವತ್ತು ಇಲ್ಲಿ ಇರತಿರಲಿಲ್ಲ, ರೂಮು ತೊಳೀತಿದ್ದೆ."

ಒಬ್ಬ ಮಹಿಳಾ ಸದಸ್ಯರು ಬಾಟಲಿ ಕೇಳಿ ತೆಗೆದುಕೊಂಡು, ಹಿಂಬದಿಯ ಇಂಗ್ಲಿಷನ್ನು ತಾವೇ ಓದಲು ನೋಡಿದರು. ಕಿಟಕಿಯ ಕಡೆ ವಾಲಿಸಿದರು. ಆಮೇಲೆ ಕಂಪನಿಯ ವಕೀಲರನ್ನು ಒಂದೇ ಪ್ರಶ್ನೆ ಕೇಳಿದರು: "ಕೈಪಿಡಿಯ ಪ್ರತಿ ಇದೆಯಾ ನಿಮ್ಮ ಹತ್ತಿರ?" ತರಿಸಿಕೊಡುತ್ತೇವೆ ಎಂದರು. ಮುಂದಿನ ವಾಯಿದೆಗೆ ತಂದದ್ದು ತಿಪ್ಪಕ್ಕ ಆಸ್ಪತ್ರೆಯಿಂದ ಬಂದು ಐದು ತಿಂಗಳಾದ ಮೇಲೆ ಅಚ್ಚಾದದ್ದು. ತಾರೀಕು ಕೊನೆಯ ಪುಟದ ಮೂಲೆಯಲ್ಲಿತ್ತು. ಅದನ್ನು ಮೊದಲು ಕಂಡುಹಿಡಿದವಳು ಸುಧಾರಾಣಿಯಲ್ಲ, ಅಚ್ಚು ಹಾಕಿದವರ ಹೆಸರನ್ನೂ ಬಿಡದೆ ಓದುವ ತಿಪ್ಪಕ್ಕ.

ಆದೇಶ ಬಂದದ್ದು ಶ್ರಾವಣದಲ್ಲಿ. ಬಳಸುವವರಿಗೆ ಅರ್ಥವಾಗದ ಭಾಷೆಯಲ್ಲಿ, ಕಣ್ಣಿಗೆ ಕಾಣದ ಅಕ್ಷರದಲ್ಲಿ ಕೊಟ್ಟ ಎಚ್ಚರಿಕೆ ಸಾಕಾದ ಎಚ್ಚರಿಕೆಯಲ್ಲ ಎಂದಿತ್ತು ಅದರಲ್ಲಿ. ಮಾಲೀಕರ ಒಪ್ಪಿಗೆಯಿಂದ ಆ ಸಾಮಾನು ಬಳಸಿದವಳಿಗೂ ಕೇಳುವ ಹಕ್ಕಿದೆ, ಲಾಡ್ಜಿಗೆ ಎಚ್ಚರಿಕೆ ಕೊಟ್ಟದ್ದು ರುಜುವಾತಾಗಿಲ್ಲ ಎಂದೂ ಇತ್ತು. ಪರಿಹಾರ ಕೊಡಬೇಕು, ಈ ರಾಜ್ಯದಲ್ಲಿ ಮಾರುವ ಬಾಟಲಿಯ ಮೇಲೆ ಕನ್ನಡದಲ್ಲೂ ಓದುವಷ್ಟು ದೊಡ್ಡದಾಗಿ ಅಪಾಯವನ್ನು ಅಚ್ಚು ಹಾಕಬೇಕು. ಸುಧಾರಾಣಿ ಫೋನಿನಲ್ಲಿ ಹೇಳುತ್ತಿದ್ದಂತೆ ಹುಸೇನಪ್ಪ ಆಟೋದ ಹಾರ್ನನ್ನು ಒಂದೇ ಸಮ ಒತ್ತಿದ. ಅಕ್ಕಪಕ್ಕದವರು ಏನಾಯಿತೋ ಎಂದು ಹೊರಗೆ ಬಂದರು.

ಕಂಪನಿ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹಾಕಿದೆ. ಅದು ಇನ್ನೂ ಮುಗಿದಿಲ್ಲ, ಪರಿಹಾರದ ಮಾತೆಲ್ಲ ಅಲ್ಲಿಗೆ ನಿಂತಿದೆ. ಮುಗಿದಾಗ ಏನಾಗುತ್ತದೋ ಹೇಳಲಾರೆ. ತಿಪ್ಪಕ್ಕ ಈಗ ಒಂದು ಹೋಟೆಲಿನಲ್ಲಿ ಒಗೆದು ಬಂದ ಬೆಡ್‌ಶೀಟ್ ಮಡಿಚುವ ಕೆಲಸ ಮಾಡುತ್ತಾಳೆ, ಕೂತು ಮಾಡುವಂಥದ್ದು. ಚಳಿಗಾಲದಲ್ಲಿ ದಮ್ಮು ಹೆಚ್ಚುತ್ತದೆ. ನಾನೀಗ ಅವಳಿಗೆ ಇಂಗ್ಲಿಷ್ ಕಲಿಸುತ್ತಿದ್ದೇನೆ, ತಡವಾಗಿಯಾದರೂ.

ಆದರೆ ಲೇಬಲ್ಲನ್ನು ಕಂಪನಿ ಬದಲಿಸಿತು, ಹೋದ ತಿಂಗಳು ಹೊಸ ಲೇಬಲ್ಲಿನ ಫಳಕ್ ಮಾರುಕಟ್ಟೆಗೆ ಬಂತು. ಹಂಪಕ್ಕ ಒಂದು ಬಾಟಲಿ ತಂದುಕೊಟ್ಟಳು. ಹಿಂದೆ ಕೆಂಪು ಚೌಕದೊಳಗೆ ಕನ್ನಡ ಇತ್ತು: 'ಕ್ಲೋರಿನ್ ಆಧಾರಿತ ಉತ್ಪನ್ನಗಳೊಂದಿಗೆ ಮಿಶ್ರಣಿಸತಕ್ಕದ್ದಲ್ಲ; ಅಪಾಯಕಾರಿ ಅನಿಲೋತ್ಪತ್ತಿ ಸಂಭವನೀಯ.' ತಿಪ್ಪಕ್ಕ ಓದಿ, ನನ್ನ ಮುಖ ನೋಡಿದಳು.

"ಟೀಚರಮ್ಮ, ಇದು ಕನ್ನಡೇನ್ರಿ?"

"ಕನ್ನಡವೇ," ಎಂದೆ, ನನಗೂ ನಾಚಿಕೆಯಾಯಿತು.

ಅವಳು ಕಂಪನಿಗೆ ಕಾಗದ ಬರೆದಳು, ಉತ್ತರ ಬಂದಿಲ್ಲ. ಕಾಯುತ್ತ ಕೂರಲಿಲ್ಲ. ತನ್ನ ಕೈಯಾರೆ ದಪ್ಪ ಅಕ್ಷರದಲ್ಲಿ ಬರೆದು, ಜೆರಾಕ್ಸ್ ಮಾಡಿಸಿ, ಹೊಸಪೇಟೆಯ ಲಾಡ್ಜುಗಳ, ಹಂಪಿಯ ಕಡೆಯ ಹೋಂಸ್ಟೇಗಳ ಕೆಲಸದ ಹೆಂಗಸರಿಗೆ ಹಂಚತೊಡಗಿದಳು. ಚೀಟಿಯಲ್ಲಿ ಇರುವುದು ಇಷ್ಟೆ: 'ಇದನ್ನು ಬ್ಲೀಚಿಂಗ್ ಪೌಡರ್ ಜೊತೆ ಹಾಕಬ್ಯಾಡ್ರಿ. ವಿಷದ ಗಾಳಿ ಏಳತೈತಿ. ಉಸಿರು ಕಟ್ಟಿ ಸಾಯತೀರಿ. ಬಾಗಿಲು ತೆಗೆದಿಟ್ಟು ತೊಳೀರಿ.' ಹಂಪಕ್ಕ ಅದನ್ನು ತನ್ನ ಲಾಡ್ಜಿನ ಪ್ರತಿ ಬಾಟಲಿಗೂ ಅಂಟಿಸಿದಳು, ಸರಿಯಾಗಿ ಮಲ್ಲಿಗೆ ಹೂವಿನ ಮೇಲೆ.

ಮೊನ್ನೆ ಡೀಲರ್ ತಿಪ್ಪಕ್ಕನ ಮನೆಯ ಮುಂದೆ ಬೈಕು ನಿಲ್ಲಿಸಿದ. ನಾನು ಅಲ್ಲೇ ಪಾಠ ಹೇಳುತ್ತ ಕೂತಿದ್ದೆ. "ನಮ್ಮ ಬಾಟ್ಲಿ ಮ್ಯಾಲೆ ಕಂಡಕಂಡದ್ದು ಅಂಟಿಸ್ತೀರಿ. ಕಂಪನಿಯೋರು ಕೇಸ್ ಹಾಕ್ತೀವಿ ಅಂದಾರ," ಎಂದ.

"ಹಾಕಂತ ಹೇಳ್ರಿ," ಎಂದಳು ತಿಪ್ಪಕ್ಕ. "ಚೀಟಿನ್ಯಾಗ ಒಂದು ಅಕ್ಷರ ಸುಳ್ಳು ಇದ್ರ ತೋರಸ್ರಿ. ಇಲ್ಲಾಂದ್ರ ನೀವೂ ಒಂದು ನೂರು ತಗಂಡು ಹೋಗ್ರಿ, ಕಂಪ್ಲಿ ಅಂಗಡಿಗೆ ಇನ್ನೂ ಮುಟ್ಟಿಲ್ಲ."

ಅವನು ಚೀಟಿಯನ್ನು ಓದಿದ. ತಪ್ಪು ಯಾವುದೂ ಸಿಗಲಿಲ್ಲ. ನೂರು ಒಯ್ಯಲಿಲ್ಲ, ಆದರೆ ಕೈಯಲ್ಲಿದ್ದ ಒಂದನ್ನು ಮಡಚಿ ಜೇಬಿಗೆ ಹಾಕಿಕೊಂಡು ಬೈಕ್ ಹತ್ತಿದ.